ಕ್ಲೇರ್‌ಮಾಂಟಿನ ಒಡೆಯರು

ಇಂಗ್ಲೆಂಡಿನ ಸರ್ರೆಯಲ್ಲಿರುವ ಕ್ಲೇರ್‌ಮಾಂಟ್ ಎಸ್ಟೇಟು ಕೈಯಿಂದ ಕೈಗೆ ದಾಟುತ್ತ ಬಂದುದು. ವಾಸ್ತುಶಿಲ್ಪಿ ವ್ಯಾನ್‌ಬ್ರೂ ತನಗಾಗಿ ಕಟ್ಟಿಕೊಂಡ ಮನೆಯನ್ನು ಕ್ಲೇರ್ ಅರ್ಲ್‌ಗೆ ಮಾರಿದ. ಎಸ್ಟೇಟಿಗೆ ಹೆಸರು ಬಂದದ್ದು ಈತನಿಂದ. ಆತನ ವಿಧವೆಯಿಂದ ಅದನ್ನು ಕೊಂಡವನು ರಾಬರ್ಟ್ ಕ್ಲೈವ್. ಹಳೆಯ ಮನೆಯನ್ನು ಕೆಡವಿಸಿ ಹೊಸ ಸೌಧವನ್ನೆತ್ತಿಸಿದ. ಅದರಲ್ಲಿ ಬಾಳುವ ಮೊದಲೇ 1774ರಲ್ಲಿ ಕಾಲವಾದ. ಮುಂದೆ ರಾಜಕುಮಾರಿ ಶಾರ್ಲೆಟ್ 1817ರಲ್ಲಿ ಹೆರಿಗೆಯಾಗಿ ತೀರಿಕೊಂಡದ್ದೂ, ಪದಚ್ಯುತ ಫ್ರೆಂಚ್ ದೊರೆ ಲೂಯಿ ಫಿಲಿಪ್ 1850ರಲ್ಲಿ ಮಡಿದದ್ದೂ ಇಲ್ಲಿಯೇ. ಈಗ ಮನೆ ಶಾಲೆಯಾಗಿದೆ. ತೋಟ ನ್ಯಾಷನಲ್ ಟ್ರಸ್ಟಿನದು.

ಒಡೆಯರ ಈ ಪಟ್ಟಿಗಿಂತ ಆ ಸೌಧಕ್ಕೆ ಸುರಿದ ಹಣದ ಮೂಲವೇ ನನ್ನನ್ನು ಹೆಚ್ಚು ಕಾಡಿದೆ. 1757ರ ಪ್ಲಾಸಿಯ ಒಳಸಂಚಿನಲ್ಲಿ ಮುರ್ಷಿದಾಬಾದಿನ ಜಗತ್‌ಸೇಠರೂ ಪಾಲುಗಾರರು. ಅವರದು ಓಸ್ವಾಲ ಜೈನ ಮನೆತನ. ಯುದ್ಧ ಗೆದ್ದ ಕ್ಲೈವನಿಗೆ ಮೀರ್ ಜಾಫರನಿಂದ ಅಪಾರ ದ್ರವ್ಯವೂ ಜಹಗೀರೂ ದೊರೆತವು. ಪರಿಗ್ರಹಪರಿಮಾಣವನ್ನು ಶ್ರಾವಕರ ಅಣುವ್ರತಗಳಲ್ಲೊಂದೆಂದು ಪಾಠ ಹೇಳುವ ನಮಗೆ ಇದು ಮುಜುಗರದ ಪುಟ. ಜೈನ ವರ್ತಕರ ದಾನಗುಣವನ್ನು ಕೊಂಡಾಡುವ ನಮ್ಮ ಬರಹಗಳು ಇದನ್ನು ಮೆಲ್ಲನೆ ದಾಟಿಬಿಡುತ್ತವೆ. ಕ್ಲೈವನು ಕ್ಲೇರ್‌ಮಾಂಟನ್ನು ಕೊಳ್ಳುವ ವೇಳೆಗೆ ಜಗತ್‌ಸೇಠ್ ಮಹತಾಬ್ ರಾಯ್ ಬದುಕಿರಲಿಲ್ಲ. 1763ರಲ್ಲಿ, ಕಂಪನಿಯ ಮೇಲೆ ತಿರುಗಿಬಿದ್ದ ನವಾಬ ಮೀರ್ ಕಾಸಿಮನು ಅವನನ್ನು ಸೋದರಬಂಧುವಿನೊಡನೆ ಕೊಲ್ಲಿಸಿದ್ದನು.