ಪರದೆಗೆ ಇನ್ನೂ ಆಯಸ್ಸಿದೆ

ಎಷ್ಟೋ ಮನೆಗಳ ಹಾಲಿನಲ್ಲಿ ಈಗ ಒಂದು ಆಲ್ ಇನ್ ಒನ್ ಕಂಪ್ಯೂಟರ್ ಬಟ್ಟೆ ಹೊದ್ದು ಕೂತಿದೆ. ಮಕ್ಕಳು ಹೈಸ್ಕೂಲಿನಲ್ಲಿದ್ದಾಗ ತಂದದ್ದು. ಸಿಪಿಯು ಡಬ್ಬ ಬೇರೆ ಇಡುವ ತಾಪತ್ರಯವಿಲ್ಲ, ವೈರುಗಳ ಗೋಜಲಿಲ್ಲ, ಮೇಜಿನ ಮೇಲೆ ನಿಲ್ಲಿಸಿ ಒಂದು ಪ್ಲಗ್ ಚುಚ್ಚಿದರೆ ಮುಗಿಯಿತು ಎಂದು ಆಸೆಪಟ್ಟು ಕೊಂಡದ್ದು. ಮಕ್ಕಳು ಓದು ಮುಗಿಸಿದರು, ಲ್ಯಾಪ್‌ಟಾಪ್ ಹಿಡಿದು ಕೆಲಸಕ್ಕೆ ಸೇರಿದರು. ಇತ್ತ ಇದನ್ನು ಆನ್ ಮಾಡಿದರೆ ವಿಂಡೋಸ್ ಏಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದು. ಆದರೆ ಎದ್ದ ಮೇಲೆ ಪರದೆಯನ್ನು ನೋಡಬೇಕು. ಇಪ್ಪತ್ಮೂರು ಇಂಚು, ಫುಲ್ ಎಚ್‌ಡಿ, ಬಣ್ಣ ಮಾಸಿಲ್ಲ, ಎಲ್ಲೂ ಗೆರೆ ಬಿದ್ದಿಲ್ಲ. ಪಕ್ಕದಲ್ಲೇ ಮಗಳು ಹದಿನಾಲ್ಕು ಇಂಚಿನ ಲ್ಯಾಪ್‌ಟಾಪಿಗೆ ಕತ್ತು ಬಗ್ಗಿಸಿ ಮನೆಯಿಂದಲೇ ಆಫೀಸು ಮಾಡುತ್ತಿರುತ್ತಾಳೆ. ‘ಅಪ್ಪಾ, ಈ ಸ್ಕ್ರೀನಿಗೆ ನನ್ನ ಲ್ಯಾಪ್‌ಟಾಪ್ ಕನೆಕ್ಟ್ ಮಾಡಕ್ಕಾಗಲ್ವಾ?’ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಇಷ್ಟು ನ್ಯಾಯವಾದ ಪ್ರಶ್ನೆಗೆ ಉತ್ತರ ಮಾತ್ರ ಸಲೀಸಾಗಿಲ್ಲ. ಅಪ್ಪ ಹಿಂದೆ ತಿರುಗಿಸಿ ನೋಡುತ್ತಾರೆ, ಎಚ್‌ಡಿಎಂಐ ಪೋರ್ಟ್ ಕಣ್ಣಿಗೆ ಬೀಳುತ್ತದೆ. ಲ್ಯಾಪ್‌ಟಾಪಿನಲ್ಲೂ ಅದೇ ಆಕಾರದ ಪೋರ್ಟು. ಅಂಗಡಿಯಿಂದ ಕೇಬಲ್ ತಂದು ಎರಡೂ ಕಡೆ ಸಿಕ್ಕಿಸುತ್ತಾರೆ. ಏನೂ ಬರುವುದಿಲ್ಲ. ಕೇಬಲ್ ಬದಲಿಸುತ್ತಾರೆ, ಆಗಲೂ ಬರುವುದಿಲ್ಲ. ಕೇಬಲ್ಲಿನಲ್ಲಿ ದೋಷವಿಲ್ಲ. ಬಹುಪಾಲು ಆಲ್ ಇನ್ ಒನ್‌ಗಳಲ್ಲಿ ಆ ಪೋರ್ಟು ಚಿತ್ರವನ್ನು ಹೊರಗೆ ಕಳಿಸುವುದಕ್ಕೆ ಇರುವಂಥದ್ದು, ಒಳಗೆ ತೆಗೆದುಕೊಳ್ಳುವುದಕ್ಕಲ್ಲ. ಕಳಿಸುವ ಬಾಯಿಗೂ ತೆಗೆದುಕೊಳ್ಳುವ ಬಾಯಿಗೂ ಎಚ್‌ಡಿಎಂಐನಲ್ಲಿ ಒಂದೇ ಆಕಾರ. ಎರಡು ಯಂತ್ರಗಳೂ ಕಳಿಸುತ್ತಲೇ ಇವೆ, ಪಡೆಯುವವರು ಯಾರೂ ಇಲ್ಲ.

ಬಿಡಿ ಮಾನಿಟರಿನ ಬೆನ್ನ ಹಿಂದೆ ಸ್ಕೇಲರ್ ಎಂಬ ಸಣ್ಣ ಬೋರ್ಡು ಕೂತಿರುತ್ತದೆ. ಎಚ್‌ಡಿಎಂಐ, ವಿಜಿಎ, ಡಿಸ್‌ಪ್ಲೇಪೋರ್ಟ್, ಯಾವುದರಲ್ಲಿ ಏನು ಬಂದರೂ ತೆಗೆದುಕೊಂಡು, ಪ್ಯಾನಲ್ಲಿನ ಚುಕ್ಕೆಗಳ ಲೆಕ್ಕಕ್ಕೆ ಹೊಂದಿಸಿ ಬಡಿಸುವುದು ಅದರ ಕೆಲಸ. ಆಲ್ ಇನ್ ಒನ್‌ನಲ್ಲಿ ಮದರ್‌ಬೋರ್ಡಿನಿಂದಲೇ ತೆಳು ಕೇಬಲ್ಲೊಂದು ನೇರ ಪ್ಯಾನಲ್ಲಿಗೆ ಹೋಗುತ್ತದೆ. ಮಧ್ಯೆ ಬೇರೆಯವರು ಬಂದು ಮಾತಾಡಿಸುವ ಜಾಗವೇ ಇಲ್ಲ. ತಯಾರಕರಿಗೆ ಒಂದು ಬೋರ್ಡು ಉಳಿಯಿತು, ಕೊಂಡವರಿಗೆ ಒಂದು ಪರದೆ ಹೋಯಿತು. ನನ್ನ ತಕರಾರೆಲ್ಲ ಇಷ್ಟೇ. ಪ್ರೊಸೆಸರು ಬೇಗ ಹಳತಾಗುವ ವಸ್ತು, ಪರದೆ ಬಹಳ ಕಾಲ ಬಾಳುವ ವಸ್ತು. ಎರಡನ್ನೂ ಒಂದೇ ಕವಚದಲ್ಲಿ ಇಡಲಿ, ಬೇಡ ಎನ್ನುವುದಿಲ್ಲ. ಮೊದಲನೆಯದು ಹೋದಾಗ ಎರಡನೆಯದೂ ಅದರ ಹಿಂದೆಯೇ ಹೋಗುವಂತೆ ಕಟ್ಟಿಹಾಕುವುದು ಅನ್ಯಾಯ.

ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಇದು ಇನ್ನೂ ಚೆನ್ನಾಗಿ ತಟ್ಟುತ್ತದೆ. ಆಗ ಮನೆಗಳಲ್ಲಿದ್ದದ್ದು ಮರದ ಪೆಟ್ಟಿಗೆಯ, ಶಟರ್ ಎಳೆದು ಮುಚ್ಚುವ ಕಪ್ಪು-ಬಿಳುಪು ಟಿವಿ. ಶನಿವಾರ ರಾತ್ರಿ ಬೀದಿಯವರೆಲ್ಲ ದುಡ್ಡು ಹಾಕಿ ವಿಸಿಪಿ ಬಾಡಿಗೆಗೆ ತಂದರೆ, ಟಿವಿಯ ಹಿಂದಿನ ಆಂಟೆನಾ ವೈರು ಕಿತ್ತು ಆ ಜಾಗಕ್ಕೆ ಅದರ ವೈರು ಸಿಕ್ಕಿಸುತ್ತಿದ್ದರು. ಒಂದು ಚಾನೆಲ್ ತಿರುಗಿಸಿದರೆ ರಾಜ್‌ಕುಮಾರ್ ಬರುತ್ತಿದ್ದರು. ಅದೇ ಕಾಲದಲ್ಲಿ, 1982ರಲ್ಲಿ, ಇಂಗ್ಲೆಂಡಿನಲ್ಲಿ ಹೊರಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರಿಗೆ ಪರದೆಯೇ ಇರಲಿಲ್ಲ. ಅದೂ ಮನೆಯ ಟಿವಿಯ ಆಂಟೆನಾ ಬಾಯಿಗೇ ಬಾಯಿ ಕೊಡುತ್ತಿತ್ತು. ಯಾರು ಬಂದು ಚಿತ್ರ ಕೊಟ್ಟರೂ ತೋರಿಸುವ ಗುಣ ಆ ಟಿವಿಗಿತ್ತು. ಅದಕ್ಕಿಂತ ನೂರು ಪಾಲು ಮೇಲಾದ ಪರದೆಗಳಿಗೆ ಇಂದು ಆ ಗುಣ ಇಲ್ಲದಿರುವುದು ನನಗೆ ಸರಿಕಾಣುವುದಿಲ್ಲ.

ಒಂದು ಕಂಪನಿ ಮಾತ್ರ ಕೆಲವು ವರ್ಷ ಇದನ್ನು ಬಲು ಚೆಂದವಾಗಿ ಮಾಡಿ ತೋರಿಸಿತ್ತು. 2009ರ ಕೊನೆಗೆ ಬಂದ ಇಪ್ಪತ್ತೇಳು ಇಂಚಿನ ಐಮ್ಯಾಕ್‌ನಲ್ಲಿ ಆಪಲ್‌ನವರು ‘ಟಾರ್ಗೆಟ್ ಡಿಸ್‌ಪ್ಲೇ ಮೋಡ್’ ಎಂಬ ಸೌಲಭ್ಯ ಇಟ್ಟರು. ಲ್ಯಾಪ್‌ಟಾಪಿನಿಂದ ಐಮ್ಯಾಕಿಗೆ ಒಂದು ಕೇಬಲ್, ಐಮ್ಯಾಕಿನ ಕೀಬೋರ್ಡಿನಲ್ಲಿ ಕಮಾಂಡ್ ಮತ್ತು ಎಫ್2 ಒಟ್ಟಿಗೆ ಒತ್ತುವುದು, ಅಷ್ಟೇ. ಚಾಮರಾಜಪೇಟೆಯಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡುವ ಗೆಳೆಯರೊಬ್ಬರ ಕೋಣೆಯಲ್ಲಿ ನಾನಿದನ್ನು ಕಣ್ಣಾರೆ ಕಂಡಿದ್ದೇನೆ. ಕೀ ಒತ್ತಿದೊಡನೆ ಪರದೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಕಪ್ಪಾಯಿತು. ಮತ್ತೆ ಬೆಳಕಾದಾಗ ಐಮ್ಯಾಕ್ ಇದ್ದ ಜಾಗದಲ್ಲೇ ಲ್ಯಾಪ್‌ಟಾಪಿನ ಕಡತಗಳು ಹರಡಿಕೊಂಡಿದ್ದವು, ಮೌಸಿನ ಬಾಣ ಚಿಕ್ಕ ಪರದೆಯ ಅಂಚು ದಾಟಿ ದೊಡ್ಡದಕ್ಕೆ ಸರಾಗವಾಗಿ ಹೊಕ್ಕಿತು. ಮತ್ತೆ ಕಮಾಂಡ್-ಎಫ್2, ಐಮ್ಯಾಕ್ ತನ್ನ ಕೆಲಸಕ್ಕೆ ವಾಪಸ್. ಎಷ್ಟು ಸರಳ!

ಅದರಲ್ಲೂ ಸಣ್ಣಪುಟ್ಟ ಕಟ್ಟಲೆಗಳಿದ್ದವು. 2009 ಮತ್ತು 2010ರ ಇಪ್ಪತ್ತೇಳು ಇಂಚಿನವಕ್ಕೆ ಮಿನಿ ಡಿಸ್‌ಪ್ಲೇಪೋರ್ಟ್ ಕೇಬಲ್ ಸಾಕು. 2011ರಿಂದ 2014ರ ನಡುವಿನವಕ್ಕೆ ಥಂಡರ್‌ಬೋಲ್ಟ್ ಕೇಬಲ್ಲೇ ಆಗಬೇಕು. ಎರಡರ ಮೂತಿಯೂ ತದ್ರೂಪು, ಹಾಗಾಗಿ ತಪ್ಪು ಕೇಬಲ್ ತಂದು ತಲೆ ಚಚ್ಚಿಕೊಂಡವರು ಬಹಳ ಜನ. ಐಮ್ಯಾಕ್‌ನಲ್ಲಿ ಹೈ ಸಿಯೆರಾ ಅಥವಾ ಅದಕ್ಕಿಂತ ಹಳೆಯ ಸಿಸ್ಟಂ ಇರಬೇಕು, ಲಾಗಿನ್ ಆಗಿರಬೇಕು. ಬರೀ ಪರದೆ ಬೇಕಾದಾಗಲೂ ಒಳಗಿನ ಇಡೀ ಕಂಪ್ಯೂಟರ್ ಕರೆಂಟು ತಿನ್ನುತ್ತ ಓಡುತ್ತಲೇ ಇರಬೇಕು. ಇದೊಂದು ಕೊರತೆ ಹೌದು. ಆದರೂ ಗುಜರಿಗೆ ಹೋಗುವ ಯಂತ್ರಕ್ಕೆ ಇನ್ನೊಂದಷ್ಟು ವರ್ಷ ಮರ್ಯಾದೆಯ ಬದುಕು ಸಿಗುತ್ತಿತ್ತು.

2014ರ ಕೊನೆಗೆ 5ಕೆ ಐಮ್ಯಾಕ್ ಬಂತು, ಸೌಲಭ್ಯ ಹೋಯಿತು. ಮೊದಲಿಗೆ ಕಾರಣ ಸಾಚಾ ಆಗಿತ್ತು. ಹಳೆಯದರಲ್ಲಿ 2560 ಅಡ್ಡ, 1440 ಉದ್ದ, ಒಟ್ಟು ಸುಮಾರು 37 ಲಕ್ಷ ಚುಕ್ಕೆ. ಹೊಸದರಲ್ಲಿ 5120 ಅಡ್ಡ, 2880 ಉದ್ದ. ಚುಕ್ಕೆಗಳು ಸರಿಯಾಗಿ ನಾಲ್ಕು ಪಟ್ಟು, ಸುಮಾರು 1 ಕೋಟಿ 47 ಲಕ್ಷ. ಸೆಕೆಂಡಿಗೆ ಅರವತ್ತು ಸಲ ಇಷ್ಟನ್ನು ಹೊಸದಾಗಿ ಬರೆಯಬೇಕೆಂದರೆ ಸೆಕೆಂಡಿಗೆ 21 ಗಿಗಾಬಿಟ್‌ಗೂ ಹೆಚ್ಚು ಮಾಹಿತಿ ಹರಿಯಬೇಕು. ಆಗಿನ ಥಂಡರ್‌ಬೋಲ್ಟ್ 2ರ ವೇಗ 20 ಗಿಗಾಬಿಟ್. ಕಾಲುವೆಗಿಂತ ನೀರು ಹೆಚ್ಚಾಯಿತು, ಒಪ್ಪೋಣ. ಆದರೆ 2016ರಲ್ಲಿ ಎಲ್‌ಜಿಯ 5ಕೆ ಮಾನಿಟರ್ ಒಂದೇ ಥಂಡರ್‌ಬೋಲ್ಟ್ 3 ಕೇಬಲ್ಲಿನಲ್ಲಿ ಅಷ್ಟೂ ಚುಕ್ಕೆಗಳನ್ನು ಬರಮಾಡಿಕೊಂಡು ತೋರಿಸಿತು. 2017ರ ಐಮ್ಯಾಕಿಗೆ ಥಂಡರ್‌ಬೋಲ್ಟ್ 3 ಬಂತು. ಕಾಲುವೆ ಅಗಲವಾಯಿತು, ಕಳಚಿದ ಸೌಲಭ್ಯ ಮಾತ್ರ ಮರಳಲಿಲ್ಲ. 2022ರ ಮಾರ್ಚಿನಲ್ಲಿ ಇಪ್ಪತ್ತೇಳು ಇಂಚಿನ ಐಮ್ಯಾಕ್ ಮಾರಾಟವನ್ನೇ ನಿಲ್ಲಿಸಿ, ಅದೇ ಅಳತೆಯ 5ಕೆ ಪರದೆಯನ್ನು ಬಿಡಿ ಮಾನಿಟರಾಗಿ ಮಾರಲು ಕೂತರು. ಮನೆಯಲ್ಲಿ ಅಷ್ಟೇ ಚುಕ್ಕೆಯ ಪರದೆ ಇಟ್ಟುಕೊಂಡವರು ಇನ್ನೊಂದಕ್ಕೆ ದುಡ್ಡು ಹೊಂದಿಸಬೇಕು.

ಕನ್ನಡ ಓದಿ ಬರೆದು ಬದುಕುವವರಿಗೆ ಈ ಚುಕ್ಕೆಗಳ ಲೆಕ್ಕ ನೇರ ಕಣ್ಣಿಗೆ ಸಂಬಂಧಪಟ್ಟದ್ದು. ಇಂಗ್ಲಿಷಿನ ಅಕ್ಷರ ಸಾಲಿನ ಮೇಲೆ ಕೂತು ಮುಗಿಯಿತು. ನಮ್ಮಲ್ಲಿ ಅಕ್ಷರದ ತಲೆಯ ಮೇಲೆ ಗುಡಿಸು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಪಕ್ಕ ಇನ್ನೊಂದು ಒತ್ತು. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಇವನ್ನು ಅಗ್ಗದ ಪರದೆಯಲ್ಲಿ ಸಣ್ಣ ಅಕ್ಷರದಲ್ಲಿ ಇಟ್ಟು ನೋಡಿ. ಒತ್ತುಗಳೆಲ್ಲ ಕರಗಿ ಒಂದು ಮಸಿಯ ಹನಿಯಾಗಿರುತ್ತವೆ. ಕರಡು ತಿದ್ದುವವರು ಅದು ಅಲ್ಪಪ್ರಾಣವೋ ಮಹಾಪ್ರಾಣವೋ ಎಂದು ಪರದೆಗೆ ಮೂಗು ತಗಲಿಸಿ ನೋಡಬೇಕಾಗುತ್ತದೆ. ಇಂಚಿಗೆ 218 ಚುಕ್ಕೆ ಇರುವ 5ಕೆ ಪರದೆಯಲ್ಲಿ ಅದೇ ಪದಗಳು ಅಚ್ಚಿನ ಪುಟದಷ್ಟು ಸ್ಪಷ್ಟ. ಮೂಲವನ್ನು ಒಂದು ಕಡೆ, ಅನುವಾದವನ್ನು ಇನ್ನೊಂದು ಕಡೆ ತೆರೆದಿಟ್ಟುಕೊಂಡು ಕೂತವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಇಂಥ ಪರದೆಯನ್ನು ಪ್ರೊಸೆಸರ್ ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ಮೂಲೆಗೆ ತಳ್ಳಲು ನನಗೆ ಮನಸ್ಸು ಬರುವುದಿಲ್ಲ.

ತಂತಿಯಿಲ್ಲದ ದಾರಿಯೂ ಇದೆ. ಅಪ್ಪನ ಆಲ್ ಇನ್ ಒನ್‌ನಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ, ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ‘ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ’ ಎಂಬುದನ್ನು ಹುಡುಕಬೇಕು. ಮೊದಲ ಸಲ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂಬ ಭಾಗವನ್ನು ಇಳಿಸಿಕೊಳ್ಳಲು ಕೇಳುತ್ತದೆ. ಆಮೇಲೆ ಮಗಳು ತನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಅಪ್ಪನ ಕಂಪ್ಯೂಟರಿನ ಹೆಸರು ಕಾಣುತ್ತದೆ, ಆರಿಸಿಕೊಂಡರೆ ಆಯಿತು. ಎರಡೂ ಕಡೆ ವೈಫೈ ಯಂತ್ರಾಂಶ ಇದಕ್ಕೆ ಒಗ್ಗುವಂತಿರಬೇಕು, ಹಳೆಯ ಕೆಲವು ಒಗ್ಗುವುದಿಲ್ಲ. ಮ್ಯಾಕಿನವರಿಗೆ 2021ರ ಮಾಂಟೆರೆಯಿಂದ ಏರ್‌ಪ್ಲೇ ಮೂಲಕ ಇದೇ ಅನುಕೂಲ ಬಂತು, ಆದರೆ ಐಮ್ಯಾಕ್ 2019ರದ್ದೋ ಆಮೇಲಿನದ್ದೋ ಆಗಿರಬೇಕು.

ಮೇಲ್ ಓದಲು, ಎಕ್ಸೆಲ್ ತೆರೆದಿಡಲು, ಮೀಟಿಂಗಿನ ಮುಖಗಳನ್ನು ಆಚೆ ಇಡಲು ಇದು ಧಾರಾಳ ಸಾಕು. ಬರೆಯುವುದಕ್ಕೆ ಮಾತ್ರ ಸರಿಹೋಗದು. ‘ಕ್ಷ’ ಮೂಡಿಸಲು ನಾವು ಕ, ಆಮೇಲೆ ಅರ್ಧಾಕ್ಷರದ ಕೀ, ಆಮೇಲೆ ಷ ಒತ್ತುತ್ತೇವಲ್ಲ, ಗಾಳಿಯಲ್ಲಿ ಬರುವ ಚಿತ್ರ ಕೂದಲೆಳೆಯಷ್ಟು ತಡವಾಗಿ ಮುಟ್ಟುತ್ತದೆ. ಬೆರಳು ಮುಂದಿನ ಪದಕ್ಕೆ ಹೋಗಿರುತ್ತದೆ, ಕಣ್ಣು ಇನ್ನೂ ಒತ್ತು ಬೀಳುವುದನ್ನು ಕಾಯುತ್ತಿರುತ್ತದೆ. ಅರ್ಧ ಗಂಟೆಯಲ್ಲಿ ತಲೆ ಭಾರ. ಬರವಣಿಗೆಯನ್ನು ಲ್ಯಾಪ್‌ಟಾಪಿನ ಪರದೆಯಲ್ಲಿಟ್ಟು ನೋಡುವುದನ್ನಷ್ಟೇ ದೊಡ್ಡದಕ್ಕೆ ದಾಟಿಸುವುದು ಮೇಲು.

ಇನ್ನುಳಿದದ್ದು ಶಸ್ತ್ರಚಿಕಿತ್ಸೆ. ಮದರ್‌ಬೋರ್ಡೇ ಸುಟ್ಟುಹೋದ 2010ರ ಐಮ್ಯಾಕೊಂದನ್ನು ನನ್ನ ಅಕ್ಕನ ಮಗ ಊಟದ ಮೇಜಿನ ಮೇಲೆ ಮಲಗಿಸಿಕೊಂಡು ಬಿಚ್ಚಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ಆ ಕಾಲದವುಗಳ ಮುಂಗಾಜನ್ನು ಅಯಸ್ಕಾಂತಗಳು ಹಿಡಿದಿರುತ್ತವೆ. ಎರಡು ರಬ್ಬರ್ ಬಟ್ಟಲುಗಳನ್ನು ಗಾಜಿಗೆ ಒತ್ತಿ ಎಳೆದರೆ ಅಷ್ಟು ದೊಡ್ಡ ಗಾಜು ಹಗುರವಾಗಿ ಕೈಗೆ ಬಂತು. (2012ರ ನಂತರದವಕ್ಕೆ ಅಂಚಿನ ಸುತ್ತ ಅಂಟು ಪಟ್ಟಿ, ಅದನ್ನು ಕೊಯ್ಯುತ್ತ ಹೋಗುವಾಗ ಗಾಜು ಸೀಳುವ ಭಯ ಇದ್ದೇ ಇದೆ.) ನಕ್ಷತ್ರದ ತಲೆಯ ಸ್ಕ್ರೂಗಳು ಒಂದೊಂದಾಗಿ ಬಂದವು. ಪ್ಯಾನಲ್ ಎತ್ತಿದಾಗ ಅಡಿಯಲ್ಲಿ ಕೇಬಲ್ಲುಗಳು, ಧೂಳಿನ ಹತ್ತಿ. ನಾನು ಬಗ್ಗಿ ನೋಡಲು ಹೋದೆ, ‘ಮಾಮ, ಅಲ್ಲಿ ಕೈ ಇಡಬೇಡಿ, ಪವರ್ ಸಪ್ಲೈ ಅದು’ ಎಂದು ಕೈ ಅಡ್ಡ ಹಿಡಿದ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಕೆಲಸ ಗೊತ್ತಿಲ್ಲದವರು ದಯವಿಟ್ಟು ಇದಕ್ಕೆ ಕೈಹಾಕಬಾರದು, ಬಲ್ಲವರಿಂದಲೇ ಮಾಡಿಸಬೇಕು.

ಪ್ಯಾನಲ್ಲಿನ ಬೆನ್ನಿಗೆ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ನಮಗೆ ಬೇಕಾದ್ದು ಅದೇ. ಅದರ ಫೋಟೋ ಹಿಡಿದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಸರ್ಕಾರಿ ಬಸ್ಸಿನಲ್ಲಿ ಟೌನ್‌ಹಾಲ್ ಹತ್ತಿರ ಇಳಿದು ನಡೆದರೆ ಸಿಗುವ ಆ ಬೀದಿಯಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾಗದಷ್ಟು ಇಕ್ಕಟ್ಟಿನ ಅಂಗಡಿಗಳಲ್ಲಿ, ಎಲೆಕ್ಟ್ರಾನಿಕ್ ಲೋಕವೇ ಅಡಗಿದೆ. ‘ಯಾವ ಕಂಪನಿ ಬೇಡ ಸಾರ್, ಪ್ಯಾನಲ್ ನಂಬರ್ ಹೇಳಿ’ ಎಂದರು ಅಂಗಡಿಯವರು. ಕಂಪ್ಯೂಟರಿನ ಮೇಲೆ ಯಾವ ಹೆಸರಿದ್ದರೂ ಪ್ಯಾನಲ್ಲನ್ನು ಮಾಡುವವರು ಬೇರೆಯೇ, ಐಮ್ಯಾಕ್‌ನ ಇಪ್ಪತ್ತೇಳು ಇಂಚಿನ ಪ್ಯಾನಲ್ಲುಗಳು ಎಲ್‌ಜಿ ಡಿಸ್‌ಪ್ಲೇಯವು. ನಂಬರು ಹೊಂದಿದರೆ ಅದಕ್ಕೆ ತಕ್ಕ ಕಂಟ್ರೋಲರ್ ಬೋರ್ಡು, ಕೇಬಲ್ಲು, ನಾಲ್ಕು ಗುಂಡಿಯ ಪಟ್ಟಿ, ಅಡಾಪ್ಟರು ಸಿಗುತ್ತವೆ. ಆ ಕಂಟ್ರೋಲರ್ ಬೋರ್ಡೇ ಮೊದಲು ಹೇಳಿದ ಸ್ಕೇಲರ್, ತಯಾರಕರು ಉಳಿಸಿದ್ದು. ಮನೆಗೆ ತಂದು ಜೋಡಿಸಿ, ರ‍್ಯಾಮ್ ಹಾಕುವ ಕಿಂಡಿಯಿಂದ ಎಚ್‌ಡಿಎಂಐ ಕೇಬಲ್ ಹೊರತೆಗೆದ ಹುಡುಗ. ಒಳಗೆ ಕಂಪ್ಯೂಟರ್ ಇಲ್ಲ, ಫ್ಯಾನಿನ ಸದ್ದಿಲ್ಲ, ಅಕ್ಕನ ಮನೆಯಲ್ಲಿ ಅದೀಗ ಅಪ್ಪಟ ಮಾನಿಟರ್.

ಇದೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರೋ ಅದರ ಮೇಲಿನದ್ದೋ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿರಬೇಕು. ಆರನೆಯ, ಏಳನೆಯ ತಲೆಮಾರಿನ ಆಲ್ ಇನ್ ಒನ್‌ಗಳು ಮನೆಮನೆಗಳಿಂದ, ಬ್ಯಾಂಕು ಶಾಲೆಗಳ ಕೌಂಟರುಗಳಿಂದ ಹೊರಬೀಳುವ ಹೊತ್ತು ಇದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಒಳ್ಳೆಯದೇ. ಆದರೆ ಒಡೆದು ಲೋಹ ತೆಗೆಯುವ ಮೊದಲು, ಚೆನ್ನಾಗಿ ಉರಿಯುತ್ತಿರುವ ಪರದೆಯನ್ನು ಇನ್ನೊಬ್ಬರ ಮೇಜಿಗೆ ದಾಟಿಸುವ ವ್ಯವಸ್ಥೆ ಇರಬೇಕಿತ್ತು.

ಹೊಸದಾಗಿ ಆಲ್ ಇನ್ ಒನ್ ಕೊಳ್ಳುವವರಿಗೆ ಒಂದು ಮಾತು. ಎಚ್‌ಪಿ, ಲೆನೊವೊ, ಡೆಲ್ ಮೂವರೂ ಕೆಲವು ಮಾದರಿಗಳಲ್ಲಿ ಎಚ್‌ಡಿಎಂಐ ಇನ್ ಕೊಟ್ಟಿದ್ದಾರೆ, ಹಾಗಾಗಿ ಆಗದ ಕೆಲಸವೇನಲ್ಲ. ಪೋರ್ಟಿನ ಪಕ್ಕ ‘ಇನ್’ ಎಂದು ಬರೆದಿದೆಯೇ ನೋಡಿ. ಬರಹ ಕಾಣದಿದ್ದರೆ ಅಂಗಡಿಯವರ ಮಾತಿಗೆ ತಲೆದೂಗಬೇಡಿ, ನಿಮ್ಮ ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ ಕೇಬಲ್ ಸಿಕ್ಕಿಸಿ ತೋರಿಸಲು ಕೇಳಿ. ಆಮೇಲೆ ಇನ್ನೊಂದು ಪರೀಕ್ಷೆ ಇದೆ, ಅದನ್ನು ಮರೆಯಬೇಡಿ. ಕಂಪ್ಯೂಟರನ್ನು ಶಟ್‌ಡೌನ್ ಮಾಡಿಸಿ, ವಿಂಡೋಸ್ ಏಳದೆಯೇ ಲ್ಯಾಪ್‌ಟಾಪಿನ ಚಿತ್ರ ಬರುತ್ತದೆಯೇ ನೋಡಿ. ಬಂದರೆ, ಮುಂದೆ ಒಂದು ದಿನ ಅದರ ಪ್ರೊಸೆಸರು ಕೈಕೊಟ್ಟರೂ ಪರದೆ ನಿಮ್ಮದೇ.