ದೋಸ್ತನ ಕಾರಿಗೆ ಎಷ್ಟು ದೊಡ್ಡ ಟರ್ಬೋ?

ನಮ್ಮ ಹುಬ್ಬಳ್ಳಿಯಲ್ಲಿ ಟರ್ಬೋ ಅಂದ್ರೆ ಮೊದಲು ನೆನಪಾಗೋದು ಲಾರಿ. ಗೋಕುಲ ರಸ್ತೆ ಕಡೆ ಗ್ಯಾರೇಜುಗಳಲ್ಲಿ ಬಸವನಹುಳುವಿನ ಆಕಾರದ, ಮಸಿ ಹಿಡಿದ ಗಡ್ಡೆಗಳನ್ನ ಸಾಲಾಗಿ ಇಟ್ಟಿರ್ತಾರಲ್ಲ, ಅವೇ. ಲೋಡ್ ಹೊತ್ತು ಅರಬೈಲ್ ಘಟ್ಟ ಹತ್ತೋ ಲಾರಿಗೆ ಅದು ಬೇಕೇ ಬೇಕು. ಆದ್ರೆ ದುರ್ಗದಬೈಲಿನಲ್ಲಿ ಬಾಂಡೆ ಸಾಮಾನಿನ ಅಂಗಡಿ ಇಟ್ಟುಕೊಂಡಿರೋ ಮನುಷ್ಯ, ಅಂಗಡಿಗೂ ಮನೆಗೂ ಓಡಾಡೋ ಕಾರಿಗೆ ಐನೂರು ಕುದುರೆಯ ಟರ್ಬೋ ಬೇಕು ಅಂದ್ರೆ?

ನನ್ನ ದೋಸ್ತನ ಕತೆ ಇದು. ಅವನ ಹತ್ರ ಒಂದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ, ಸೆಕೆಂಡ್ ಹ್ಯಾಂಡ್. 1.8 ಲೀಟರ್ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು, ಕಂಪನಿಯಿಂದ ಬಂದಾಗ 150 ಕುದುರೆ. 2000ರ ದಶಕದಲ್ಲಿ ನಮ್ಮ ದೇಶದಲ್ಲಿ ಅಷ್ಟು ಶಕ್ತಿಯ ಕಾರು ಅಂದ್ರೆ ಸಣ್ಣ ಮಾತಲ್ಲ. ವಾರಕ್ಕೊಮ್ಮೆ ಅದರಲ್ಲಿ ಬೆಳಗಾವಿಗೆ ಮಾಲು ತರೋದಕ್ಕೆ ಹೋಗ್ತಾನೆ, ಹಿಂದಿನ ಸೀಟಿನಲ್ಲಿ ಅವ್ವ ಇರ್ತಾರೆ, ಯಾಕಂದ್ರೆ ಅವರ ತವರು ಅಲ್ಲಿ. ವರ್ಷಕ್ಕೆ ಒಂದೆರಡು ಸಲ ಅದೇ ಕಾರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇ ಅಂತ ಹೋಗುತ್ತೆ. ಅಂದ್ರೆ ರಸ್ತೆಗೂ ಅದೇ, ಟ್ರ್ಯಾಕಿಗೂ ಅದೇ.

ನಾನು ಬಿ.ವಿ.ಬಿ.ಯಲ್ಲಿ ಮೆಕ್ಯಾನಿಕಲ್ ಓದಿ ಬೆಂಗಳೂರಲ್ಲಿ ಜಾವಾ ಬರೆಯೋ ಪ್ರಾಣಿ. ಥರ್ಮೋಡೈನಮಿಕ್ಸ್ ಪುಸ್ತಕ ಅಟ್ಟ ಸೇರಿ ವರ್ಷಗಳೇ ಆಗಿದ್ವು. ಊರಿಗೆ ಬಂದಾಗೆಲ್ಲ ಸಂಜೆ ದುರ್ಗದಬೈಲಿನಲ್ಲಿ ಗಿರ್ಮಿಟ್ಟು ಮಿರ್ಚಿ ತಿನ್ನೋದು ನಮ್ಮ ಪದ್ಧತಿ. ಈ ಸಲ ಅವನು ಮೊಬೈಲ್ ಮುಂದೆ ಹಿಡಿದ.

"ನೋಡಲೇ, ಜಿಟಿ3076ಆರ್. ಐನೂರಾ ಇಪ್ಪತ್ತೈದು ಕುದುರಿ! ಇದನ್ನ ಹಾಕ್ಸೂನು ಅಂತೀನಿ."

"ರೊಕ್ಕ?"

"ಅದನ್ನ ಬಿಡು. ನೀ ಎಂಜಿನಿಯರಿಂಗ್ ಓದೀಯಲ್ಲ, ನನ್ನ ಎಂಜಿನ್ನಿಗೆ ಸರಿ ಹೊಂದತೈತೇನು ಹೇಳು."

ಕಂಪನಿ ಕೊಟ್ಟ ಪಟ್ಟಿ ಪ್ರಕಾರ ಹೊಂದುತ್ತೆ. 1.8ರಿಂದ 3 ಲೀಟರ್ ಎಂಜಿನ್ನಿಗೆ ಅಂತಲೇ ಬರೆದಿರ್ತಾರೆ. ಸಮಸ್ಯೆ ಇರೋದೇ ಅಲ್ಲಿ. ಹೊಂದುತ್ತೆ ಅನ್ನೋದು ಬೇರೆ, ಅದರ ಜೊತೆ ದಿನಾ ಬಾಳ್ವೆ ಮಾಡೋದು ಬೇರೆ.

ಟರ್ಬೋ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಎಂಜಿನ್ನಿಂದ ಹೊರಗೆ ಹೋಗೋ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್ ಒಳಗೆ ತುಂಬುತ್ತೆ. ಗಾಳಿ ಜಾಸ್ತಿ ಆದ್ರೆ ಪೆಟ್ರೋಲ್ ಜಾಸ್ತಿ ಸುಡಬಹುದು, ಶಕ್ತಿ ಜಾಸ್ತಿ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲೇ ಪೇಟೆಂಟ್ ತಗೊಂಡಿದ್ದ. ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗೋ ಈ ಪುಟ್ಟ ಚಕ್ರ ಒಂದು ತೆಳ್ಳನೆ ಎಣ್ಣೆ ಪದರದ ಮೇಲೆ ನಿಂತಿರುತ್ತೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯವೇ.

ಶಕ್ತಿಗೆ ಒಂದು ಸುಲಭದ ಅಂದಾಜು ಇದೆ: ನಿಮಿಷಕ್ಕೆ ಒಂದು ಪೌಂಡ್ ಗಾಳಿಗೆ ಸುಮಾರು 10 ಕುದುರೆ. ಮಿರ್ಚಿ ಕಟ್ಟಿಕೊಟ್ಟಿದ್ದ ಪೇಪರಿನ ಮೇಲೆ ಅಲ್ಲೇ ಲೆಕ್ಕ ಹಾಕಿದ್ವಿ. 1781 ಸಿಸಿ, 6500 ಸುತ್ತು, ಹೊರಗಿನ ಒತ್ತಡದ ಎರಡರಷ್ಟು ಗಾಳಿ ತುಂಬಿದ್ರೆ ನಿಮಿಷಕ್ಕೆ ಸುಮಾರು 25 ಪೌಂಡ್. ಅಂದ್ರೆ 250 ಕುದುರೆ. ಐನೂರು ಬೇಕು ಅಂದ್ರೆ ಇದರ ಎರಡರಷ್ಟು ಗಾಳಿ ತುಂಬಬೇಕು. ಅಷ್ಟು ಒತ್ತಡಕ್ಕೆ ನಮ್ಮ ಬಂಕಿನ ಮಾಮೂಲಿ ಪೆಟ್ರೋಲ್ ತಡೆಯಲ್ಲ, ಎಂಜಿನ್ ಒಳಗೆ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತೆ. 100 ಆಕ್ಟೇನ್ ಪೆಟ್ರೋಲನ್ನ ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದಿತು ನಿಜ, ಆದ್ರೆ ಅದು ಆಯ್ದ ಊರುಗಳ ಆಯ್ದ ಬಂಕುಗಳಿಗೆ. ಈಗ ಬರೋ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಸಿಡಿಯೋ ಚಾಳಿ ಕಮ್ಮಿ. ಆದ್ರೆ ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಏಳೆಂಟು ಪರ್ಸೆಂಟ್ ಜಾಸ್ತಿ ಸುರಿಯಬೇಕು. ಹಳೇ ಇಂಜೆಕ್ಟರಿಗೆ ಅದೂ ಒಂದು ಹೊರೆ.

ಎತ್ತರದ ಲೆಕ್ಕವನ್ನ ಯಾರೂ ಹಾಕೋದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಹುಬ್ಬಳ್ಳಿ ಸುಮಾರು 650. ಚೆನ್ನೈ ಹತ್ರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಮೀಟರ್ ತೋರಿಸೋ ಒಂದು ಬಾರ್ ಬೂಸ್ಟನ್ನೇ ಬೆಂಗಳೂರಲ್ಲಿ ತೋರಿಸಬೇಕಂದ್ರೆ, ತೆಳ್ಳಗಿನ ಗಾಳಿಯನ್ನ ಒತ್ತೋಕೆ ಟರ್ಬೋ ಇನ್ನೂ ಜೋರಾಗಿ ತಿರುಗಬೇಕು. ಯಾರೋ ಯುರೋಪಿನವನು ಇಂಥಾ ಸುತ್ತಿಗೆ ಇಂಥಾ ಬೂಸ್ಟ್ ಬಂತು ಅಂತ ಬರೆದಿದ್ದನ್ನ ನಾವು ಹಾಗೇ ನಂಬೋ ಹಾಗಿಲ್ಲ.

ಇರಲಿ. ಅಸಲಿ ವಿಷಯ ಚಕ್ರದ ಗಾತ್ರದ್ದು. 3076ರ ಕಂಪ್ರೆಸರ್ ಚಕ್ರ 76 ಮಿಲಿಮೀಟರ್. ಅದೇ ಗ್ಯಾರೆಟ್ ಕಂಪನಿಯ ಜಿಟಿ2860ಆರ್‌ಎಸ್ ಅಂತ ಒಂದಿದೆ, ಅದರದ್ದು 60. ಇದಕ್ಕೆ ಕಾರು ಹುಚ್ಚರ ಲೋಕದಲ್ಲಿ ಡಿಸ್ಕೋ ಪೊಟ್ಯಾಟೋ ಅಂತ ಅಡ್ಡಹೆಸರು. ನಮ್ಮ ದೋಸ್ತ ಕೇಳಿದ ಕ್ಷಣದಿಂದ ಅದನ್ನ 'ಬಟಾಟಿ' ಅಂತಲೇ ಕರೆಯೋದು :) ಬಟಾಟಿಯ ಮಿತಿ ಸುಮಾರು 360 ಕುದುರೆ. ಬರೀ 16 ಮಿಲಿಮೀಟರ್ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಆದ್ರೆ ಒಂದೇ ಆಕಾರದ ಚಕ್ರವನ್ನ ದೊಡ್ಡದು ಮಾಡ್ತಾ ಹೋದ್ರೆ, ಅದರ ಜಡತ್ವ ವ್ಯಾಸದ ಐದನೇ ಘಾತಕ್ಕೆ ಬೆಳೆಯುತ್ತೆ. ತೂಕ ಮೂರನೇ ಘಾತಕ್ಕೆ, ಅದರ ಮೇಲೆ ದೂರದ ವರ್ಗ. ಕಂಪ್ರೆಸರ್ ಚಕ್ರ ಒಂದರ ಲೆಕ್ಕದಲ್ಲೇ ಮೂರು ಪಟ್ಟು ಆಯ್ತು! ಇನ್ನೊಂದು ತುದಿಯ ಟರ್ಬೈನ್ ಚಕ್ರ ಅಷ್ಟು ದೊಡ್ಡದಾಗಲ್ಲ, ಹಾಗಾಗಿ ಒಟ್ಟು ಲೆಕ್ಕ ಇದಕ್ಕಿಂತ ಕಮ್ಮಿ. ಆದ್ರೂ ಎಚ್ಚರ ಆಗೋಕೆ ಅದು ಜಾಸ್ತಿ ಹೊತ್ತು ತಗೊಳ್ಳುತ್ತೆ ಅನ್ನೋದು ಖರೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನ ಜನ ಒಂದೇ ಅಂದುಕೊಳ್ತಾರೆ. ಒಂದು, ಎಂಜಿನ್ ಇಂತಿಷ್ಟು ಸುತ್ತು ಮುಟ್ಟೋ ತನಕ ಹೊಗೆಯೇ ಸಾಲಲ್ಲ. ನೀವು ಎಷ್ಟು ಹೊತ್ತು ಕಾಲು ಒತ್ತಿ ಕೂತ್ರೂ ಬೂಸ್ಟ್ ಬರಲ್ಲ. ಎರಡು, ಆ ಸುತ್ತು ದಾಟಿದ ಮೇಲೂ ಕಾಲು ಒತ್ತಿದ್ದಕ್ಕೂ ತಳ್ಳು ಬರೋದಕ್ಕೂ ನಡುವೆ ಒಂದು ತಡ. ದೊಡ್ಡ ಟರ್ಬೋದಲ್ಲಿ ಎರಡೂ ಜಾಸ್ತಿ. ಈ 1.8 ಎಂಜಿನ್ನಿನಲ್ಲಿ ಕಂಪನಿಯ ಕೆ03 ಟರ್ಬೋ ಎರಡು ಸಾವಿರದ ಸುತ್ತಮುತ್ತಲೇ ಎದ್ದು ಕೂತ್ಕೊಳ್ಳುತ್ತೆ. ಬಟಾಟಿ ಪೂರ್ತಿ ಎಚ್ಚರ ಆಗೋದು ಮೂರೂವರೆ ಸಾವಿರದ ಮೇಲೆ. 3076 ನಾಲ್ಕೂವರೆ ಸಾವಿರಕ್ಕೆ.

ಇನ್ನೊಂದು ಕಾಟ ಸರ್ಜ್. ಇದನ್ನ ಅವನಿಗೆ ತಿಳಿಸೋಕೆ ದುರ್ಗದಬೈಲೇ ಸಾಕಾಯ್ತು. ದೀಪಾವಳಿ ಮುಂದೆ ಬ್ರಾಡ್‌ವೇ ಕಡೆಯಿಂದ ಜನ ನುಗ್ಗುತ್ತಿರ್ತಾರೆ, ಮುಂದೆ ಯಾವನೋ ಟಂಟಂ ಅಡ್ಡ ನಿಲ್ಲಿಸಿರ್ತಾನೆ. ಹಿಂದಿನಿಂದ ತಳ್ಳು, ಮುಂದೆ ಜಾಗ ಇಲ್ಲ. ಒಂದು ಕ್ಷಣಕ್ಕೆ ಇಡೀ ಗುಂಪು ಹಿಂದಕ್ಕೆ ಜಗ್ಗುತ್ತೆ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ದೊಡ್ಡ ಕಂಪ್ರೆಸರ್ ಒತ್ತಿದ ಗಾಳಿಯನ್ನ ಸಣ್ಣ ಎಂಜಿನ್ ನುಂಗದೇ ಇದ್ದಾಗ ಆಗೋದೂ ಇದೇ, ಆ ಏಟು ಬೀಳೋದು ಶಾಫ್ಟಿನ ಬೇರಿಂಗಿಗೆ.

"ಅಂದ್ರ ನಂದು ಸಣ್ಣ ಎಂಜಿನ್ ಅಂತಿ?" ಅಂದ. ಮುಖ ಸಣ್ಣದಾಯ್ತು.

ಬಾಯಿಮಾತಿಗೆ ಒಪ್ಪೋ ಆಸಾಮಿ ಅಲ್ಲ ಅವನು. ನನ್ನ ಹತ್ರ ಒಂದು ಓಬಿಡಿ ಬ್ಲೂಟೂತ್ ಡಬ್ಬಿ ಇತ್ತು, ಅದನ್ನ ಕಾರಿಗೆ ಸಿಕ್ಕಿಸಿ ಹಳೇ ಮೊಬೈಲೊಂದನ್ನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಬೆಂಗಳೂರಿಗೆ ಹೋದೆ. ಮೂರು ವಾರದ ಓಡಾಟ ದಾಖಲಾಯ್ತು. ಅಂಗಡಿ, ಮನೆ, ಬೆಳಗಾವಿ, ಎಲ್ಲ. ಒಂದು ಸಣ್ಣ ಪ್ರೋಗ್ರಾಂ ಬರೆದು ಎಂಜಿನ್ ಯಾವ ಸುತ್ತಿನಲ್ಲಿ ಎಷ್ಟು ಹೊತ್ತು ಇತ್ತು ಅಂತ ಚಿತ್ರ ಮಾಡಿ ಕಳಿಸಿದೆ. ಬಹುಪಾಲು 1500ರಿಂದ 3000ದ ಒಳಗೆ. ನಾಲ್ಕೂವರೆ ಸಾವಿರದ ಮೇಲೆ ಹೋದ ಹೊತ್ತು ನೂರಕ್ಕೆ ಎರಡೂ ಇಲ್ಲ. ಐನೂರು ಕುದುರೆ ಇರೋ ಮನೆಗೆ ಅವನು ಕಾಲೇ ಇಡಲ್ಲ! ಟ್ರ್ಯಾಕಿನ ಲೆಕ್ಕವೂ ಅಷ್ಟೇನೂ ಬೇರೆ ಇಲ್ಲ. ಕರಿ ಟ್ರ್ಯಾಕ್ 2.1 ಕಿಲೋಮೀಟರಿನ ಪುಟ್ಟ ಟ್ರ್ಯಾಕು. ಹಳೇ ಟ್ರ್ಯಾಕ್ ಡೇ ವಿಡಿಯೋದಲ್ಲಿ ಮುಳ್ಳು ನೋಡಿದ್ರೆ ನಿಧಾನದ ತಿರುವುಗಳಿಂದ ಹೊರಗೆ ಬರುವಾಗ ಮೂರು ಸಾವಿರದ ಹತ್ರ ಇರುತ್ತೆ. ಬೂಸ್ಟ್ ಬೇಕಾಗೋದು ಅಲ್ಲಿ. ಅದರ ಬದಲು ಅರ್ಧ ದಾರಿಯಲ್ಲಿ ಧಡ್ ಅಂತ ಬಂದ್ರೆ, ಮುಂದಿನ ಚಕ್ರಗಳೇ ಎಳೆಯೋ ಈ ಕಾರು ಟೈರು ಸುಟ್ಕೊಂಡು ನೇರ ಹೊರಗೆ ಹೋಗುತ್ತೆ.

ನನಗೆ ನಿಜವಾಗಿ ಹೆದರಿಕೆ ಇದ್ದಿದ್ದು ಟ್ರ್ಯಾಕಿನದ್ದಲ್ಲ, ಬೈಪಾಸಿನದ್ದು. ಊರೊಳಗಿನ ಸಿಗ್ನಲ್ ಬ್ಯಾಡ ಅಂತ ಅವನು ಗಬ್ಬೂರಿನಿಂದ ಬೈಪಾಸ್ ಹಿಡೀತಾನೆ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ರ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಟೆಂಪೋ ಟ್ರಾವೆಲರಿಗೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದು ಇದೇ ರಸ್ತೆಯಲ್ಲಿ. ಆಗ ಅಲ್ಲಿ ಇದ್ದಿದ್ದು ಎರಡೇ ಲೇನು. ಆರು ಲೇನು ಮಾಡೋ ಕೆಲಸ ಶುರುವಾಗಿದ್ದು ಆಮೇಲೆ. ಎರಡು ಲೇನಿನ ರಸ್ತೆಯಲ್ಲಿ ಗಂಟೆಗೆ 80ರಲ್ಲಿ ಲಾರಿ ಹಿಂದೆ ಹಾಕೋಕೆ ಹೊರಗೆ ಬಂದ್ರಿ ಅಂದ್ಕೊಳ್ಳಿ. ಸೆಕೆಂಡಿಗೆ ನೀವು 22 ಮೀಟರ್, ಎದುರಿಂದ 60ರಲ್ಲಿ ಬರೋ ಲಾರಿ 17 ಮೀಟರ್. ಟರ್ಬೋ ಏಳೋದು ಒಂದೇ ಒಂದು ಸೆಕೆಂಡ್ ತಡ ಆದ್ರೆ ನಡುವಿನ ಜಾಗದಲ್ಲಿ 39 ಮೀಟರ್ ಹೋಯ್ತು. ಹಿಂದಿನ ಸೀಟಿನಲ್ಲಿ ಅವ್ವ.

ಇದನ್ನ ಅವನಿಗೆ ಬರೆದು ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ, "ಬಟಾಟಿ ಹಾಕ್ಸಿದ್ರ?" ಅಂತ ಒಂದೇ ಸಾಲು.

ಬಟಾಟಿ ಕೆಟ್ಟದ್ದೇನಲ್ಲ, ಟ್ರ್ಯಾಕಿಗೇ ಮೀಸಲಿಟ್ಟ ಕಾರಾಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಈ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳು ತೆಳುವು ಅನ್ನೋದು ಜಗತ್ತಿಗೇ ಗೊತ್ತಿರೋ ವಿಷಯ. ಹಠಾತ್ತಾಗಿ ಬರೋ ಟಾರ್ಕಿಗೆ ಬಾಗ್ತವೆ. ಬಟಾಟಿಯ ಪೂರ್ತಿ ಶಕ್ತಿ ಬೇಕಂದ್ರೆ ಎಂಜಿನ್ ಬಿಚ್ಚಿ ರಾಡು ಬದಲಿಸಬೇಕು, ಜೊತೆಗೆ ಮ್ಯಾನಿಫೋಲ್ಡು, ಇಂಟರ್‌ಕೂಲರು, ಇಂಜೆಕ್ಟರು, ಕ್ಲಚ್ಚು. ಅವನೇ ತರಿಸಿದ ಕೊಟೇಶನ್ನು ಕಾರು ಕೊಂಡ ಬೆಲೆಯನ್ನ ದಾಟಿತ್ತು. ಉಳಿದಿದ್ದು ಕೆ04. ಈಗಿರೋ ಕೆ03ಯ ಅಣ್ಣ, ಅದೇ ಜಾಗಕ್ಕೆ ಅದೇ ಬೋಲ್ಟಿಗೆ ಕೂರುತ್ತೆ. ಇನ್ನೂರರ ಮೇಲೆ ಸ್ವಲ್ಪ ಕುದುರೆ, ತಡ ಅಷ್ಟೇನೂ ಇಲ್ಲ.

ಊರಿಗೆ ಬಂದವನು ಅವನ ಜೊತೆ ಗೋಕುಲ ರಸ್ತೆಯ ಒಬ್ಬ ಹಿರಿಯ ಮೇಸ್ತ್ರಿ ಹತ್ರ ಹೋದೆ. ಜೀವನ ಪೂರ್ತಿ ಲಾರಿ ಟರ್ಬೋ ಬಿಚ್ಚಿದ ಕೈ. ಗಾಳಿ ಪೈಪ್ ತೆಗೆದು ಎರಡು ಬೆರಳಲ್ಲಿ ಚಕ್ರದ ಮೂತಿ ಹಿಡಿದು ಅಲ್ಲಾಡಿಸಿದ್ರು.

"ಯಾವದ ಹಾಕಬೇಕು ಅಂತ ನೀವು ಜಗಳಾ ಮಾಡಾಕತ್ತೀರಿ. ಇದು ಹೆಂಗೂ ಹೊಂಟೈತಿ ನೋಡ್ರಿ. ಇನ್ನ ಸ್ವಲ್ಪ ದಿನಕ್ಕ ಚಕ್ರ ಗ್ವಾಡಿಗಿ ತಾಗತೈತಿ."

ಅಂದ್ರೆ ಏನಾದ್ರೂ ಒಂದು ಹಾಕಲೇಬೇಕು. ಹೊಸ ಕೆ03 ಅಥವಾ ಕೆ04.

ಆ ರಾತ್ರಿ ಅವರ ಮನೆಯಲ್ಲೇ ಊಟ. ಅವ್ವ ರೊಟ್ಟಿ ಬಡಿಸ್ತಾ ಎಲ್ಲ ಕೇಳಿಸಿಕೊಂಡು, "ಅಲ್ಲೋ ತಮ್ಮಾ, ಗಾಡಿ ಕಾಗದದಾಗ ಒಂದು, ಗಾಡ್ಯಾಗ ಇನ್ನೊಂದು ಇದ್ರ, ಏನರ ಹೆಚ್ಚುಕಮ್ಮಿ ಆದಾಗ ವಿಮಾದವ್ರು ರೊಕ್ಕಾ ಕೊಡ್ತಾರೇನು?" ಅಂದ್ರು. ನಾವಿಬ್ಬರೂ ಇಷ್ಟು ದಿನ ಜಾಣತನದಿಂದ ತಪ್ಪಿಸಿಕೊಂಡಿದ್ದ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್.ಸಿ. ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಟರ್ಬೋ ಬಾನೆಟ್ಟಿನ ಕೆಳಗೆ ಇರುತ್ತೆ, ಯಾರಿಗೆ ಕಾಣುತ್ತೆ ಅನ್ನೋರಿದ್ದಾರೆ. ಅಪಘಾತ ಆದ ದಿನ ಬಾನೆಟ್ ತೆಗೆದು ನೋಡೋಕೆ ಸರ್ವೇಯರ್ ಬರ್ತಾನೆ. ಎದುರಿನ ಗಾಡಿಯವನಿಗೆ ಏಟಾಗಿದ್ರೆ ಅವನ ಮನೆಯವರಿಗೆ ನಾವು ಏನು ಹೇಳೋದು?

ದೋಸ್ತ ಸ್ವಲ್ಪ ಹೊತ್ತು ರೊಟ್ಟಿ ಮುರೀತಾ ಕೂತ. ಆಮೇಲೆ, "ಕೇಳೇ ಬಿಡೂನು ತಗೋ" ಅಂದ.

ವಿಮಾ ಕಂಪನಿಗೆ ಒಂದು, ಆರ್‌ಟಿಓಗೆ ಒಂದು, ಎರಡು ಪತ್ರ ನಾನೇ ಟೈಪ್ ಮಾಡಿದೆ. ಹಾಕಬೇಕು ಅಂದುಕೊಂಡಿರೋ ಭಾಗದ ನಂಬರ್ ಸಮೇತ. ಒಪ್ಪಿದ್ರೆ ಕೆ04, ಇಲ್ಲ ಅಂದ್ರೆ ಹೊಸ ಕೆ03, ರಸ್ತೆಗೆ ಅದೇ ಗಟ್ಟಿ. ಇಲ್ಲ ಅಂತಲೇ ಬರುತ್ತೆ ಅಂತ ನನ್ನ ಅಂದಾಜು, ಅವನದ್ದೂ ಅದೇ ಇರಬೇಕು, ಬಾಯಿ ಬಿಟ್ಟು ಹೇಳಿಲ್ಲ. ಉತ್ತರ ಬರೋ ತನಕ ಬೆಳಗಾವಿ ಓಡಾಟ ಬಸ್ಸಿನಲ್ಲಿ. ಗ್ಯಾಸ್ಕೆಟ್ಟು, ಕೂಲೆಂಟ್ ಪೈಪು ಎರಡಕ್ಕೂ ಒಂದೇ ಆದ್ದರಿಂದ ಅವನ್ನ ಆಗಲೇ ತರಿಸಿ ಅಂಗಡಿಯ ಮಾಳಿಗೆಯಲ್ಲಿ ಕುಕ್ಕರುಗಳ ಪಕ್ಕ ಇಟ್ಟಿದ್ದಾನೆ. ಎಣ್ಣೆ ಪೈಪ್ ಮಾತ್ರ ಇನ್ನೂ ಬಂದಿಲ್ಲ. ಹಳೇದನ್ನೇ ತೊಳೆದು ಹಾಕಿದ್ರಾಯ್ತು ಅಂದಿದ್ದಕ್ಕೆ ಮೇಸ್ತ್ರಿ ಅದನ್ನ ಬಿಚ್ಚಿ, ಬೆಳಕಿಗೆ ಹಿಡಿದು, ಒಳಗೆ ಸುಟ್ಟು ಕರಕಲಾಗಿ ಕಟ್ಟಿಕೊಂಡಿದ್ದ ಎಣ್ಣೆ ತೋರಿಸಿ, "ನಿಮ್ಮ ಟರ್ಬೋ ಕೆಟ್ಟಿದ್ದ ಇದರಿಂದ್ರಿ" ಅಂದ್ರು.