ಬೇಡೋದಲ್ಲ, ಹೇಳೋದು

ಇಂಗ್ಲಿಷಿನಲ್ಲಿ ಅಭಿಪ್ರಾಯ ಹೇಳೋಕೆ ಎಷ್ಟೊಂದು ಕ್ರಿಯಾಪದ: ಸ್ಟೇಟ್, ಆರ್ಗ್ಯೂ, ಅಬ್ಜೆಕ್ಟ್, ಡಿಮ್ಯಾಂಡ್. ಶಾಲೆಯಲ್ಲಿ ನಮ್ಮಿಂದ ಬಾಯಿಪಾಠ ಮಾಡಿಸಿದ್ದು ಮಾತ್ರ ‘ಐ ಬೆಗ್ ಟು ಸ್ಟೇಟ್’. ಹೇಳೋಕೂ ಮೊದಲು ಬೇಡಬೇಕು! ಕಡತದಲ್ಲೂ ಅಷ್ಟೇ: ಸಾಹೇಬರ ಮಾತು ‘ಸ್ಟೇಟೆಡ್’, ನಮ್ಮದು ‘ಅಲೆಜ್ಡ್’. ಅವರು ತಿಳಿಸಿದರು, ನಾವು ಆರೋಪಿಸಿದೆವು.

ನಾಗರಹೊಳೆ ಕಾಡಿಗೆ ನಮ್ಮ ವೀರನಹೊಸಹಳ್ಳಿ ಒಂದು ಬಾಗಿಲು. ಹಾಡಿಯ ಜೇನುಕುರುಬರು ಕಾಡಿನ ಹಕ್ಕು ಕೇಳಿದರೆ, ಬರೆದುಕೊಡೋ ನಾವು ಅದನ್ನೂ ‘ಅರ್ಜಿ’ ಅಂತೀವಿ, ಕೆಳಗೆ ‘ತಮ್ಮ ವಿಧೇಯ’ ಅಂತ ಸೇರಿಸ್ತೀವಿ. 2006ರ ಅರಣ್ಯ ಹಕ್ಕು ಕಾಯ್ದೆಯ ಇಂಗ್ಲಿಷು ಬೇರೆ. ಗ್ರಾಮಸಭೆಗೆ ಕೊಡೋದು ‘ಕ್ಲೈಮ್’. ಸರ್ಕಾರ ಮಾಡಬೇಕಾದ್ದು ‘ರೆಕಗ್ನೈಸ್’. ಅಂದರೆ ಹಕ್ಕು ಮೊದಲೇ ಹಾಡಿಯವರದು. ಸರ್ಕಾರ ಒಪ್ಪಿಕೊಳ್ಳಬೇಕು, ದಾನ ಕೊಡೋದಲ್ಲ.

ಮೇಷ್ಟ್ರೇ, ಹಲಗೆ ಮೇಲಿನ ‘ಬೆಗ್’ ಅಳಿಸಿ. ಮಕ್ಕಳ ಕೈಲಿ ‘ಕ್ಲೈಮ್’ ಬರೆಸಿ.